ಹಳೆಯ ಕಾರು: ಸದ್ದು ಕೇಳಿಸುತ್ತದೆ, ತುಕ್ಕು ಕೇಳಿಸುವುದಿಲ್ಲ

ಬಸವಕಲ್ಯಾಣ: ಪುಣೆ ಮತ್ತು ಹೈದರಾಬಾದ್ ನಗರಗಳನ್ನು ಬೆಸೆಯುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದ್ ಕಡೆಗೆ ಹೊರಟವರಿಗೆ ಎದುರಾಗುವುದು ಹೆಚ್ಚಾಗಿ ಲಾರಿಗಳೇ. ಆ ಲಾರಿಗಳ ಸಾಲಿನ ನಡುವೆ ತಲೆ ತಗ್ಗಿಸಿಕೊಂಡು ಸಾಗುವ ಹಳೆಯ ಮಾರುತಿ 800, ಆಲ್ಟೊ, ಸ್ಯಾಂಟ್ರೊ, ಇಂಡಿಕಾ, ಓಮ್ನಿಗಳೂ ಕಡಿಮೆಯೇನಿಲ್ಲ. ಮದುವೆ, ಜಾತ್ರೆ, ಆಸ್ಪತ್ರೆ, ಹೊಲ ಎಲ್ಲಕ್ಕೂ ಒದಗುವ ಈ ಕಾರುಗಳು ಎಷ್ಟೋ ಮನೆಗಳಲ್ಲಿ ಕುಟುಂಬದ ಸದಸ್ಯರಂತೆಯೇ ಇವೆ. ಆದರೆ ಹದಿನೈದು ವರ್ಷ ದಾಟಿದ ಕಾರು ತನ್ನ ಮಾಲೀಕನ ಮುಂದೆ ಎರಡು ಪ್ರಶ್ನೆಗಳನ್ನು ಇಟ್ಟೇ ಇಡುತ್ತದೆ: ಈ ಸದ್ದು ಎಲ್ಲಿಂದ ಬರುತ್ತಿದೆ? ಈ ತುಕ್ಕು ಎಲ್ಲಿಯವರೆಗೆ ಹೋಗಿದೆ?

ಸಾಮಾನ್ಯವಾಗಿ ಈ ಎರಡನ್ನೂ ಬೇರೆ ಬೇರೆ ದೂರುಗಳೆಂದು ತಿಳಿಯಲಾಗುತ್ತದೆ. ಸದ್ದಿಗೆ ಮೆಕ್ಯಾನಿಕ್, ತುಕ್ಕಿಗೆ ಟಿಂಕರಿಂಗ್ ಕೆಲಸದವರು ಎಂಬ ವಿಂಗಡಣೆ ಇದೆ. ವಾಸ್ತವದಲ್ಲಿ ಇವೆರಡೂ ಒಂದೇ ಕಾಯಿಲೆಯ ಎರಡು ಲಕ್ಷಣಗಳಾಗಿರುವುದುಂಟು. ಸೈಲೆನ್ಸರ್‌ನಲ್ಲಿ ಸಣ್ಣ ತೂತಾಗಿ ಸದ್ದು ಹೆಚ್ಚಿದೆ ಎಂದುಕೊಳ್ಳಿ. ಅದೇ ಕಾರಿನ ನೆಲದ ತಗಡು ರಬ್ಬರ್ ಮ್ಯಾಟಿನ ಕೆಳಗೆ ತುಕ್ಕು ತಿಂದು ತೂತಾಗಿದೆ ಎಂದುಕೊಳ್ಳಿ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಣ್ಣ ಖರ್ಚಿನ ವಿಷಯಗಳು. ಒಟ್ಟಾದಾಗ, ಕಿಟಕಿ ಮುಚ್ಚಿದ ಕಾರಿನೊಳಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನುಗ್ಗುವ ದಾರಿ ಅವು. ಹಿಂದಿನ ಸೀಟಿನಲ್ಲಿ ಮಕ್ಕಳು ತೂಕಡಿಸಿದರೆ ಅದನ್ನು ಪ್ರಯಾಣದ ಆಯಾಸವೆಂದೇ ಯಾರಾದರೂ ಭಾವಿಸುತ್ತಾರೆ. ಆದ್ದರಿಂದ ಯಾವ ಸದ್ದನ್ನು ತಿಂಗಳ ಸಂಬಳದವರೆಗೆ ತಳ್ಳಬಹುದು, ಯಾವುದನ್ನು ಒಂದು ದಿನವೂ ತಳ್ಳಬಾರದು ಎಂಬ ತಿಳಿವಳಿಕೆ ಮಾಲೀಕನಿಗೆ ಇರಬೇಕಾದುದು ಅಗತ್ಯ.

ಸಮುದ್ರವಿಲ್ಲದ ಊರಿನಲ್ಲಿ ತುಕ್ಕೇಕೆ?

ತುಕ್ಕು, ಈ ಭಾಗದ ಆಡುಮಾತಿನಲ್ಲಿ ಜಂಗು, ಕರಾವಳಿಯ ಕಾರುಗಳ ಸಮಸ್ಯೆ ಎಂಬ ನಂಬಿಕೆ ಬೀದರ್ ಜಿಲ್ಲೆಯಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ ಮಾತ್ರ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿದರೆ ಬೀದರ್ ಜಿಲ್ಲೆಯ ವಾಡಿಕೆ ಮಳೆ ಸುಮಾರು 850 ಮಿ.ಮೀ. ಉಪ್ಪುಗಾಳಿಯಂತೂ ಇಲ್ಲವೇ ಇಲ್ಲ. ಆದರೆ ಕಬ್ಬಿಣ ತುಕ್ಕು ಹಿಡಿಯಲು ಬೇಕಾದುದು ನೀರು ಮತ್ತು ಆಮ್ಲಜನಕ ಇವೆರಡೇ. ಉಪ್ಪು ಆ ಕ್ರಿಯೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ಅದಿಲ್ಲದೆ ತುಕ್ಕು ನಿಲ್ಲುವುದಿಲ್ಲ. ಎಷ್ಟು ಮಳೆ ಬಂತು ಎಂಬುದಕ್ಕಿಂತ, ತಗಡು ಎಷ್ಟು ಹೊತ್ತು ಒದ್ದೆಯಾಗಿ ಉಳಿಯಿತು ಎಂಬುದು ಮುಖ್ಯ.

ಇಲ್ಲಿಯೇ ನಮ್ಮ ಎರೆಮಣ್ಣಿನ ಪಾತ್ರ ಬರುತ್ತದೆ. ನೀರು ಹೀರಿ ಉಬ್ಬುವ, ಅಷ್ಟು ಬೇಗ ಒಣಗದ ಜೇಡಿಯೇ ಇದರ ಗುಣ. ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಹೋಗಿ ಬಂದ ಕಾರಿನ ಮಡ್‌ಗಾರ್ಡ್ ಒಳಗೆ, ಬಾಗಿಲಿನ ಕೆಳಗೆ ಹೊಸ್ತಿಲಿನಂತಿರುವ ಪೊಳ್ಳು ಪಟ್ಟಿಯ ಸಂದುಗಳಲ್ಲಿ ಈ ಮಣ್ಣು ಮೆತ್ತಿಕೊಂಡರೆ, ಹೊರಗಿನ ಬಣ್ಣ ಬಿಸಿಲಿಗೆ ಒಣಗಿ ಹೊಳೆಯುತ್ತಿದ್ದರೂ ಒಳಗಿನ ತಗಡು ದಿನಗಟ್ಟಲೆ ಒದ್ದೆ ಬಟ್ಟೆ ಸುತ್ತಿಕೊಂಡಂತೆ ಇರುತ್ತದೆ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಬಿತ್ತನೆಯ ದಿನಗಳಲ್ಲಿ ಸೋಯಾ, ತೊಗರಿ ಹೊಲಗಳಿಗೆ ಗೊಬ್ಬರದ ಚೀಲಗಳನ್ನು ಕಾರಿನ ಡಿಕ್ಕಿಯಲ್ಲೇ ಒಯ್ಯುವವರಿದ್ದಾರೆ. ಪೊಟ್ಯಾಷ್ ಎಂದು ಮಾರಾಟವಾಗುವ ಗೊಬ್ಬರ ರಾಸಾಯನಿಕವಾಗಿ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಸೋದರ. ಚೆಲ್ಲಿದ ಒಂದು ಹಿಡಿ ಗೊಬ್ಬರ ಡಿಕ್ಕಿಯ ಕಾರ್ಪೆಟ್ ಕೆಳಗೆ ಸೇರಿ ಗಾಳಿಯ ತೇವ ಹೀರಿದರೆ ಕಡಲ ತೀರ ಅಲ್ಲಿಗೇ ಬಂದಂತೆ. ಮೂರನೆಯದು ನೆರಳಿನ ಆಸೆ. ಬೇಸಿಗೆಯಲ್ಲಿ ಬೇವು, ಹುಣಸೆ ಮರದ ಕೆಳಗೆ ನಿಲ್ಲಿಸಿದ ಕಾರಿನ ಮುಂಗಾಜಿನ ಕೆಳಗಿರುವ ಜಾಲರಿಯಲ್ಲಿ ಸಣ್ಣ ಎಲೆಗಳು ಸೇರಿ ನೀರು ಹರಿದುಹೋಗುವ ರಂಧ್ರ ಕಟ್ಟಿಕೊಳ್ಳುತ್ತದೆ. ಮೊದಲ ಮಳೆಗೆ ಅಲ್ಲಿ ನಿಂತ ನೀರು ಕಾಲಿಡುವ ನೆಲದ ಕಾರ್ಪೆಟ್‌ಗೆ ಇಳಿಯುತ್ತದೆ.

ಮುಂಬೈನಂತಹ ಕಡಲ ನಗರದಲ್ಲಿ ಓಡಿದ ಅಥವಾ 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಕಂಡಂತಹ ಪ್ರವಾಹದಲ್ಲಿ ಮುಳುಗಿದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಇನ್ನಷ್ಟು ಎಚ್ಚರ ವಹಿಸಬೇಕು. ಹೊಸ ಸೀಟು ಕವರ್ ನೋಡಿ ಮರುಳಾಗದೆ ಸೀಟಿನ ಹಳಿ, ಸೀಟ್ ಬೆಲ್ಟಿನ ತಳದ ಬೋಲ್ಟು, ಸ್ಟೆಪ್ನಿ ಇಡುವ ಗುಂಡಿ ಇವನ್ನು ನೋಡಿದರೆ ಕಾರಿನ ಹಿಂದಿನ ಕತೆ ಬಹುಮಟ್ಟಿಗೆ ತಿಳಿಯುತ್ತದೆ.

ಸದ್ದು ಹುಡುಕುವ ಕ್ರಮ

ಗ್ಯಾರೇಜಿಗೆ ಹೋಗಿ ‘ಕಾರು ಸೌಂಡ್ ಮಾಡುತ್ತಿದೆ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಊಹೆಯಿಂದ ಬಿಡಿಭಾಗ ಬದಲಿಸಬೇಕಾಗುತ್ತದೆ. ಊಹೆಯ ಬೆಲೆ ತೆರುವವನು ಮಾಲೀಕ. ಹೋಗುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳುವುದು ಲೇಸು. ನಿಂತಾಗಲೂ ಸದ್ದು ಬರುತ್ತದೆಯೇ, ಓಡುವಾಗ ಮಾತ್ರವೇ? ಎಂಜಿನ್ ವೇಗದೊಂದಿಗೆ ಏರುತ್ತದೆಯೇ, ಚಕ್ರದ ವೇಗದೊಂದಿಗೆ ಏರುತ್ತದೆಯೇ? ಬ್ರೇಕ್, ತಿರುವು, ಗುಂಡಿ ಇವುಗಳಲ್ಲಿ ಯಾವುದಕ್ಕೆ ಹೊಂದಿಕೊಂಡಿದೆ? ಎಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ?

ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಸುಲಭ. ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಿ ನೋಡಿ. ಸದ್ದು ಏರಿದರೆ ಅದು ಎಂಜಿನ್, ಬೆಲ್ಟ್ ಅಥವಾ ಸೈಲೆನ್ಸರ್‌ಗೆ ಸೇರಿದ್ದು. ನಿಂತಾಗ ಸುಮ್ಮನಿದ್ದು, ಓಡುವಾಗ ಗೇರು ಬದಲಿಸಿದರೂ ಬದಲಾಗದೆ ಕಾರಿನ ವೇಗವನ್ನಷ್ಟೇ ಅನುಸರಿಸಿದರೆ ಅದು ಚಕ್ರ, ಬೇರಿಂಗ್ ಅಥವಾ ಟೈರಿನದು. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಯಾವ ಸದ್ದಿಗೆ ಯಾವ ಅರ್ಥ?

ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕೀರಲು ಸದ್ದು ಬಂದು ಕೆಲವು ಕ್ಷಣಗಳಲ್ಲಿ ನಿಂತರೆ ಫ್ಯಾನ್ ಬೆಲ್ಟ್ ಸಡಿಲವಾಗಿದೆ ಅಥವಾ ಸವೆದಿದೆ. ಅದಕ್ಕೆ ಎಣ್ಣೆ, ಸೋಪು ಹಚ್ಚುವ ಅಭ್ಯಾಸ ಬೇಡ. ಅದು ಸದ್ದನ್ನು ಅಡಗಿಸಿ ಬೆಲ್ಟನ್ನು ಕೊಲ್ಲುತ್ತದೆ. ಅದೇ ಭಾಗದಿಂದ ನಿರಂತರ ಗೊರಗೊರ ಸದ್ದು ಬಂದು, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ ವಾಟರ್ ಪಂಪ್ ನೋಡಿಸಬೇಕು. ಬೀದರ್ ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಅದು ಕೈಕೊಟ್ಟರೆ ಎಂಜಿನ್ ಕಾದು ಹೆಡ್ ಕೆಲಸಕ್ಕೆ ಬರುತ್ತದೆ.

ಗುಂಡಿ, ಹಂಪ್‌ಗಳಲ್ಲಿ ಟಕ್ ಟಕ್ ಎಂಬ ಸದ್ದು ಬಂದರೆ ಲಿಂಕ್ ರಾಡ್, ಲೋವರ್ ಆರ್ಮ್‌ನ ಬುಷ್, ಶಾಕ್ ಅಬ್ಸಾರ್ಬರ್‌ನ ಮೇಲಿನ ಮೌಂಟಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿರಬಹುದು. ಇವುಗಳಲ್ಲಿ ಬುಷ್ ಸ್ವಲ್ಪ ದಿನ ಕಾಯುತ್ತದೆ. ಬಾಲ್ ಜಾಯಿಂಟ್ ಕಾಯುವುದಿಲ್ಲ. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಕಾರು ಹತೋಟಿ ತಪ್ಪುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೊರಟಾಗ ಕಟಕಟ ಎಂದರೆ, ಮುಂಚಕ್ರಕ್ಕೆ ಶಕ್ತಿ ಕೊಡುವ ಮಾರುತಿ 800, ಆಲ್ಟೊ, ಸ್ಯಾಂಟ್ರೊ, ಇಂಡಿಕಾದಂತಹ ಕಾರುಗಳಲ್ಲಿ ಆಕ್ಸಲ್ ಜಾಯಿಂಟ್ ಸವೆದಿದೆ ಎಂದರ್ಥ. ಜಾಯಿಂಟ್ ಮೇಲಿನ ರಬ್ಬರ್ ಬೂಟ್ ಹರಿದು ಗ್ರೀಸ್ ಸೋರಿ, ಅದರೊಳಗೆ ಮಣ್ಣು ಸೇರಿದ್ದರ ಫಲ ಇದು. ಬೂಟ್ ಹರಿದಾಗಲೇ ಬದಲಿಸಿದ್ದರೆ ಜಾಯಿಂಟ್ ಉಳಿಯುತ್ತಿತ್ತು. ಹಿಂಚಕ್ರಕ್ಕೆ ಶಕ್ತಿ ಕೊಡುವ ಅಂಬಾಸಿಡರ್, ಓಮ್ನಿ, ಸುಮೊಗಳಲ್ಲಿ ಕ್ಲಚ್ ಬಿಟ್ಟೊಡನೆ ಅಡಿಯಿಂದ ‘ಠಣ್’ ಎಂಬ ಸದ್ದು ಕೇಳಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ನೋಡಿಸುವುದು ಸೂಕ್ತ.

ವೇಗ ಹೆಚ್ಚಿದಂತೆ ಏರುವ ಹೂಂಕಾರ ಟೈರಿನದೂ ಆಗಿರಬಹುದು, ವೀಲ್ ಬೇರಿಂಗ್‌ನದೂ ಆಗಿರಬಹುದು. ಬಲಕ್ಕೆ ತಿರುಗುವಾಗ ಭಾರ ಎಡಬದಿಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಹೂಂಕಾರ ಹೆಚ್ಚಿದರೆ ಎಡಬದಿಯ ಬೇರಿಂಗ್ ಮೇಲೆ ಅನುಮಾನ ಪಡಬೇಕು. ತಿರುವಿಗೆ ಬದಲಾಗದೆ, ರಸ್ತೆಯ ಮೇಲ್ಮೈ ಬದಲಾದಾಗ ಮಾತ್ರ ಬದಲಾದರೆ ಅದು ಟೈರಿನ ಸದ್ದು.

ಬ್ರೇಕಿನ ವಿಚಾರದಲ್ಲಿ ಮೂರು ಸದ್ದುಗಳ ವ್ಯತ್ಯಾಸ ತಿಳಿದಿರಬೇಕು. ರಾತ್ರಿ ಮಳೆ ಬಂದು ಅಥವಾ ಕಾರು ತೊಳೆದು ನಿಲ್ಲಿಸಿದ ಮರುದಿನ, ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದು ನಿಂತರೆ ಅದು ಡಿಸ್ಕ್ ಮೇಲಿನ ತೆಳುವಾದ ತುಕ್ಕು. ತಾನಾಗಿಯೇ ಉಜ್ಜಿಹೋಗುತ್ತದೆ, ಚಿಂತೆ ಬೇಡ. ಪ್ರತಿ ಬ್ರೇಕಿಗೂ ಕೀರಲು ಸದ್ದು ಬಂದರೆ ಪ್ಯಾಡ್ ತೆಳುವಾಗಿರುವ ಸೂಚನೆ. ಆ ವಾರದೊಳಗೆ ನೋಡಿಸಬೇಕು. ಲೋಹಕ್ಕೆ ಲೋಹ ಉಜ್ಜುವ ಒರಟು ಸದ್ದು ಕೇಳಿದರೆ ಪ್ಯಾಡ್ ಮುಗಿದಿದೆ. ಕಾರು ಗ್ಯಾರೇಜಿನ ಹೊರತು ಇನ್ನೆಲ್ಲಿಗೂ ಹೋಗಬಾರದು.

ಎಂಜಿನ್ ಮೇಲ್ಭಾಗದ ಟಿಕ್ ಟಿಕ್ ಸದ್ದು ಟ್ಯಾಪೆಟ್ ಹೊಂದಾಣಿಕೆ ಅಥವಾ ಕಡಿಮೆ ಆಯಿಲ್‌ನಿಂದ ಬರುತ್ತದೆ. ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಎಂಜಿನ್ ತಳದಿಂದ ದಪ್ಪನೆಯ ಡಬ್ ಡಬ್ ಸದ್ದು ಬಂದು, ಆಯಿಲ್ ದೀಪವೂ ಹೊತ್ತಿದರೆ ಅಲ್ಲಿಯೇ ಎಂಜಿನ್ ನಿಲ್ಲಿಸಬೇಕು. ಇನ್ನೆರಡು ಕಿ.ಮೀ. ಹೋದರೆ ಊರು ಸಿಗುತ್ತದೆ ಎಂಬ ಲೆಕ್ಕಾಚಾರಕ್ಕೆ ಇಡೀ ಎಂಜಿನ್ ಬೆಲೆ ತೆರಬೇಕಾದೀತು.

ತುಕ್ಕಿನ ಮೂರು ಹಂತ

ತುಕ್ಕು ತಾನು ತಿಂದ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದಲೇ ಬಣ್ಣದ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಹೊರಗೆ ಕಾಣುವ ಕಡಲೆ ಕಾಳಿನಷ್ಟು ಗುಳ್ಳೆ ಒಳಗಿನಿಂದ ಹೊರಕ್ಕೆ ಬಂದದ್ದಾದರೆ, ಒಳಗೆ ಅಂಗೈ ಅಗಲ ಹರಡಿರುವ ಸಾಧ್ಯತೆಯಿದೆ.

ಮೊದಲ ಹಂತ ಮೇಲ್ಮೈ ತುಕ್ಕು. ಬಣ್ಣ ಕೆರೆದುಹೋದಲ್ಲಿ ಕಂದು ಬಣ್ಣ ಕಾಣುತ್ತದೆ, ತಗಡು ಗಟ್ಟಿಯಾಗಿಯೇ ಇರುತ್ತದೆ. ಎರಡನೆಯದು ಹಕ್ಕಳೆ ಏಳುವ, ಕುಳಿ ಬೀಳುವ ಹಂತ. ಮೂರನೆಯದು ತೂತು. ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ತಿಳಿಯಲು ಸ್ಕ್ರೂಡ್ರೈವರ್‌ನ ತುದಿಯಿಂದ ಗಟ್ಟಿಯಾಗಿ ಒತ್ತಿ ನೋಡಬೇಕು. ಒಳ್ಳೆಯ ತಗಡು ಠಣಠಣ ಎನ್ನುತ್ತದೆ. ತಿಂದುಹೋದ ತಗಡು ಮಂದವಾಗಿ ಸದ್ದು ಮಾಡಿ ಒಳಕ್ಕೆ ಕುಸಿಯುತ್ತದೆ. ಇದನ್ನು ಮಾಡುವಾಗ ಕಾರು ರ‍್ಯಾಂಪ್ ಮೇಲೆ ಅಥವಾ ಸರ್ವಿಸ್ ಗುಂಡಿಯ ಮೇಲೆ ಇರಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ತೂರುವುದು ಯಾವ ಕಾರಣಕ್ಕೂ ಸಲ್ಲದು.

ನೋಡಬೇಕಾದ ಜಾಗಗಳು ಇಷ್ಟು: ನಾಲ್ಕೂ ಮಡ್‌ಗಾರ್ಡ್‌ಗಳ ಒಳಅಂಚು, ಬಾಗಿಲುಗಳ ತಳ, ಬಾಗಿಲಿನ ಕೆಳಗಿನ ಪೊಳ್ಳು ಪಟ್ಟಿ, ಕಾಲಿಡುವ ನೆಲ, ಸ್ಟೆಪ್ನಿ ಗುಂಡಿ, ಬ್ಯಾಟರಿ ತಟ್ಟೆ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ತಲೆ ಕೂರುವ ಗೋಪುರ, ಹಿಂದಿನ ಆಕ್ಸಲ್ ಬಾಡಿಗೆ ಜೋಡಿಸಿಕೊಂಡ ಜಾಗ. ಕೊನೆಯ ಎರಡು ಅತಿ ಮುಖ್ಯ. ಗುಂಡಿಗಳಲ್ಲಿ ಬರುವ ಟಕ್ ಟಕ್ ಸದ್ದಿಗೆ ಬುಷ್, ಶಾಕ್ ಅಬ್ಸಾರ್ಬರ್ ಎಲ್ಲ ಬದಲಿಸಿದ ಮೇಲೂ ಸದ್ದು ಹೋಗದಿದ್ದರೆ, ಅವು ಕೂರುವ ತಗಡೇ ತುಕ್ಕು ತಿಂದು ಅಲುಗಾಡುತ್ತಿರುವ ಸಂಭವವಿದೆ. ಸದ್ದೇ ಇಲ್ಲದ ಅಪಾಯ ಇನ್ನೊಂದಿದೆ. ಅಡಿಯಲ್ಲಿ ಹಾದುಹೋಗುವ ಬ್ರೇಕ್ ಪೈಪ್ ತುಕ್ಕು ಹಿಡಿದು ತೆಳುವಾದರೆ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದ ದಿನ ಒಡೆಯುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲ ಹಂತದ ತುಕ್ಕನ್ನು ರಜಾದಿನದಲ್ಲಿ ಮನೆಯಂಗಳದಲ್ಲೇ ನಿಭಾಯಿಸಬಹುದು. ತುಕ್ಕಿರುವ ಜಾಗವನ್ನೂ ಸುತ್ತಲಿನ ಒಂದೆರಡು ಬೆರಳಗಲ ಒಳ್ಳೆಯ ಬಣ್ಣವನ್ನೂ ತಂತಿ ಬ್ರಷ್ ಮತ್ತು ಎಮರಿ ಕಾಗದದಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಬೇಕು. ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲವಿರುವ ತುಕ್ಕು ನಿವಾರಕ ದ್ರವ ಹಚ್ಚಿ, ಡಬ್ಬಿಯ ಮೇಲಿನ ಸೂಚನೆಯಂತೆ ಒರೆಸಿ ಸಂಪೂರ್ಣ ಒಣಗಿಸಬೇಕು. ಬಳಿಕ ತಡಮಾಡದೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ. ಬರಿದಾದ ಲೋಹವನ್ನು ಒಂದು ರಾತ್ರಿ ಹಾಗೆಯೇ ಬಿಟ್ಟರೆ ಕೆಲಸ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಕೈಗವಸು, ಕನ್ನಡಕ, ಮೂಗಿಗೆ ಮಾಸ್ಕ್ ಕಡ್ಡಾಯ.

ಮಾಡಬಾರದ್ದು ಮೂರು. ಒಂದು, ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದು. ಪುಟ್ಟಿ ತೇವ ಹೀರುತ್ತದೆ, ತುಕ್ಕು ಕತ್ತಲಲ್ಲಿ ಕೆಲಸ ಮುಂದುವರಿಸುತ್ತದೆ. ಎರಡು, ಒದ್ದೆ ಮಣ್ಣಿನ ಮೇಲೆಯೇ ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸುವುದು. ಅದು ತೇವವನ್ನು ಒಳಗೇ ಬೀಗ ಹಾಕಿ ಇಟ್ಟಂತೆ. ಮೂರು, ವಾಷಿಂಗ್ ಆದ ಮೇಲೆ ಅಡಿಭಾಗಕ್ಕೆ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಸಿಂಪಡಿಸುವುದು. ತುಕ್ಕು ತಡೆಯಲೆಂದು ಹೊಡೆಸಿದ ಎಣ್ಣೆ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಕೆಲವೇ ತಿಂಗಳಲ್ಲಿ ಹೊಸ ಸದ್ದು ಶುರುವಾಗುತ್ತದೆ. ಒಂದು ರೋಗಕ್ಕೆ ಮದ್ದು ಕುಡಿದು ಇನ್ನೊಂದನ್ನು ತಂದುಕೊಂಡಂತೆ.

ವೆಲ್ಡಿಂಗ್ ಮಾಡಿಸುವಾಗ

ಬಸವಕಲ್ಯಾಣ ಲಾರಿ ಉದ್ಯಮಕ್ಕೆ ಹೆಸರಾದ ಪಟ್ಟಣ. ಇಲ್ಲಿನ ಆಟೋ ನಗರದಲ್ಲಿ ಲಾರಿ ಬಾಡಿ ಕಟ್ಟುವ, ವೆಲ್ಡಿಂಗ್, ಟಿಂಕರಿಂಗ್ ಮಾಡುವ ನುರಿತ ಕೈಗಳಿವೆ. ಬೀದರ್–ಕಲಬುರಗಿ ರಸ್ತೆ ಹೆದ್ದಾರಿಯನ್ನು ಸಂಧಿಸುವ ಹುಮನಾಬಾದಿನಲ್ಲೂ ಗ್ಯಾರೇಜುಗಳಿಗೆ ಬರವಿಲ್ಲ. ಇದು ಕಾರು ಮಾಲೀಕರಿಗೆ ಅನುಕೂಲವೇ ಸರಿ. ಆದರೆ ಒಂದು ಮಾತು ನೆನಪಿಡಬೇಕು. ಲಾರಿಯ ಚಾಸಿಸ್ ಹಲವು ಮಿ.ಮೀ. ದಪ್ಪದ ಉಕ್ಕು, ಕಾರಿನ ಬಾಡಿಯ ತಗಡು ಒಂದು ಮಿ.ಮೀ. ಆಸುಪಾಸಿನದು. ದಪ್ಪ ಉಕ್ಕಿಗೆ ಬಳಸುವ ಸಾಮಾನ್ಯ ಆರ್ಕ್ ವೆಲ್ಡಿಂಗ್ ಕಾರಿನ ತಗಡನ್ನು ಸುಟ್ಟು ತೂತು ಮಾಡುತ್ತದೆ. ಅನಿಲದ ರಕ್ಷಣೆಯಲ್ಲಿ ತೆಳು ತಂತಿಯಿಂದ ಮಾಡುವ ಮಿಗ್ ವೆಲ್ಡಿಂಗ್ ಇಲ್ಲಿ ಯೋಗ್ಯ. ಕೆಲಸ ಒಪ್ಪಿಸುವ ಮೊದಲೇ ಇದನ್ನು ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ.

ತಿಂದುಹೋದ ತಗಡನ್ನು ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸಬೇಕೇ ಹೊರತು, ಹಳೆಯದರ ಮೇಲೆ ತೇಪೆ ಹಾಕಬಾರದು. ಬ್ಯಾಟರಿ ಸಂಪರ್ಕ ತೆಗೆಸಬೇಕು. ಪೆಟ್ರೋಲ್ ಟ್ಯಾಂಕ್, ಪೈಪ್, ಕಾರ್ಪೆಟ್ ಹತ್ತಿರವಿದ್ದರೆ ಮೊದಲು ಕಳಚಿಸಬೇಕು. ಬೆಸುಗೆಯ ಶಾಖಕ್ಕೆ ಹಿಂಬದಿಯ ಬಣ್ಣವೂ ಸುಡುವುದರಿಂದ ಎರಡೂ ಕಡೆ ಪ್ರೈಮರ್ ಆಗಲೇಬೇಕು. ಇದನ್ನು ಬಿಟ್ಟರೆ ಎರಡು ಮಳೆಗಾಲದಲ್ಲಿ ಹೊಸ ತುಂಡೂ ಹಳೆಯದರ ದಾರಿ ಹಿಡಿಯುತ್ತದೆ. ಬಾಗಿಲಿನ ತಳ ಮತ್ತು ಪೊಳ್ಳು ಪಟ್ಟಿಯಲ್ಲಿ ನೀರು ಹರಿಯಲು ಕಂಪನಿಯೇ ಬಿಟ್ಟ ರಂಧ್ರಗಳನ್ನು ಪುಟ್ಟಿಯಿಂದ ಮುಚ್ಚದಂತೆ ನೋಡಿಕೊಳ್ಳಬೇಕು.

ದುರಸ್ತಿಯೋ, ವಿದಾಯವೋ?

ಹದಿನೈದು ವರ್ಷವಾದ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ಮಾತು ತಪ್ಪು ತಿಳಿವಳಿಕೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧದ ಆದೇಶಗಳು ಹೊರಟಿದ್ದು ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿ. 2023ರ ಏಪ್ರಿಲ್ 1ರಿಂದ ಹದಿನೈದು ವರ್ಷ ಮೀರಿದ್ದಕ್ಕೆ ನೋಂದಣಿ ಕಳೆದುಕೊಂಡದ್ದು ಸರ್ಕಾರಿ ವಾಹನಗಳು. ಕರ್ನಾಟಕದ ಖಾಸಗಿ ಕಾರಿನ ಮಾಲೀಕರು ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಕಾರು ಒಪ್ಪಿಸಿ, ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬಹುದು.

ಆದರೆ ಶುಲ್ಕ ಹಿಂದಿನಂತಿಲ್ಲ. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ ಹೊರಬಿದ್ದ ಅಧಿಸೂಚನೆ, 20 ವರ್ಷ ಮೀರಿದ ಕಾರುಗಳಿಗೆ ಇದನ್ನು 10,000 ರೂಪಾಯಿ ಮಾಡಿತು. 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800ರ ಕೊನೆಯ ಕಾರುಗಳು ಕೂಡ 2029ರಲ್ಲಿ ಹದಿನೈದು ತುಂಬುತ್ತವೆ. ಹೀಗಾಗಿ ಶುಲ್ಕ ಕಟ್ಟುವ ಮೊದಲೇ ಕಾರಿನ ಅಡಿಭಾಗ ನೋಡಿಸಿಕೊಳ್ಳುವುದು ಜಾಣತನ.

ನಿರ್ಧಾರಕ್ಕೆ ಒಂದು ಸರಳ ಸೂತ್ರವಿದೆ. ಬೋಲ್ಟು ಬಿಚ್ಚಿ ಬದಲಿಸಬಹುದಾದ ಬೇರಿಂಗ್, ಬುಷ್, ಸೈಲೆನ್ಸರ್, ಬ್ರೇಕ್ ಪೈಪ್, ಬಾಗಿಲು ಇವೆಲ್ಲ ದುರಸ್ತಿಯ ಲೆಕ್ಕಕ್ಕೆ ಸೇರುತ್ತವೆ. ನೆಲದ ತಗಡಿನ ಒಂದೆರಡು ತೂತುಗಳೂ ಅಷ್ಟೇ. ಆದರೆ ಎರಡೂ ಬದಿಯ ಪೊಳ್ಳು ಪಟ್ಟಿ, ಶಾಕ್ ಅಬ್ಸಾರ್ಬರ್ ಗೋಪುರ, ಆಕ್ಸಲ್ ಜೋಡಣೆಯ ಜಾಗ, ಸೀಟ್ ಬೆಲ್ಟ್ ತಳ ಇವು ಒಟ್ಟಿಗೆ ತಿಂದುಹೋಗಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಕಾರು ಅಪಘಾತದಲ್ಲಿ ಒಳಗಿರುವವರನ್ನು ಕಾಪಾಡಲಾರದು. ಅಂತಹ ಕಾರಿಗೆ ಬಣ್ಣ ಹೊಡೆಸಿ ಇನ್ನೊಬ್ಬರಿಗೆ ಮಾರುವುದು ಅಪಾಯವನ್ನು ದಾಟಿಸಿದಂತೆ. 2021ರ ನಿಯಮಗಳ ಅನ್ವಯ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಪ್ರಮಾಣಪತ್ರ ಪಡೆದು ನೋಂದಣಿ ರದ್ದುಪಡಿಸುವುದೇ ಸರಿಯಾದ ದಾರಿ.

ಅಷ್ಟು ದೂರ ಹೋಗದಂತೆ ತಡೆಯುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮಳೆಗಾಲಕ್ಕೆ ಮುನ್ನ ಎಲೆ ಕಟ್ಟಿದ ಜಾಲರಿ, ರಂಧ್ರಗಳನ್ನು ಸ್ವಚ್ಛಗೊಳಿಸಿ. ಕೆಸರಿನ ದಾರಿಯಿಂದ ಬಂದ ಮರುದಿನ ಮಡ್‌ಗಾರ್ಡ್ ಒಳಗೆ ನೀರು ಹಾಯಿಸಿ. ಮಳೆ ನಿಂತ ಮೇಲೆ ಒಂದು ಬಿಸಿಲಿನ ದಿನ ಮ್ಯಾಟ್, ಕಾರ್ಪೆಟ್ ಎತ್ತಿ, ನಾಲ್ಕೂ ಬಾಗಿಲು ತೆರೆದಿಟ್ಟು ಒಣಗಿಸಿ. ಸೈಲೆನ್ಸರ್ ಸದ್ದು ಬದಲಾದ ದಿನವೇ ಕಿಟಕಿ ಇಳಿಸಿಕೊಂಡು ಗ್ಯಾರೇಜಿಗೆ ಹೋಗಿ, ತೂತು ಮುಚ್ಚಿಸುವುದರ ಜೊತೆಗೆ ಮ್ಯಾಟಿನ ಕೆಳಗಿನ ನೆಲವನ್ನೂ ನೋಡಿಸಿ. ಸದ್ದು ಮಾಡುವ ಕಾರು ತನ್ನ ತೊಂದರೆಯನ್ನು ತಾನೇ ಹೇಳಿಕೊಳ್ಳುತ್ತದೆ. ತುಕ್ಕು ಹಾಗಲ್ಲ, ಅದನ್ನು ನಾವೇ ಬಗ್ಗಿ ನೋಡಬೇಕು.